ಕೀಬೋರ್ಡ್ ಅದಲುಬದಲು

ನಮ್ಮ ಕಂಪ್ಯೂಟರ್ ಸರ್ ಈ ಬೇಸಿಗೆಯಲ್ಲಿ ತೀರಿಕೊಂಡರು. ಅವರು ಕಲಿಸಿದ ಸಿಲಬಸ್‌ನಲ್ಲಿ ನನಗೆ ಉಳಿದಿರುವುದು ಒಂದೇ ಪಾಠ, ಎರಡು ವೇರಿಯಬಲ್‌ಗಳ ಬೆಲೆ ಅದಲುಬದಲು ಮಾಡುವುದು (ವೇರಿಯಬಲ್ ಅಂದರೆ ಪ್ರೋಗ್ರಾಮಿನಲ್ಲಿ ಹೆಸರು ಕೊಟ್ಟ ಡಬ್ಬಿ, ಬೆಲೆ ಅಂದರೆ ಅದರೊಳಗಿನ ಸಂಖ್ಯೆ). ಮಿಕ್ಕಿದ್ದೆಲ್ಲ ಪರೀಕ್ಷೆ ಮುಗಿದ ಸಂಜೆಯೇ ಮರೆತುಹೋಯಿತು.

1998ರ ರಾಯಚೂರು. ಹತ್ತಿರದ ಶಕ್ತಿನಗರದಲ್ಲಿ 1985ರಿಂದಲೇ ರಾಜ್ಯಕ್ಕೆ ಕರೆಂಟು ತಯಾರಾಗುತ್ತಿತ್ತು. ನಮ್ಮ ಲ್ಯಾಬಿಗೆ ಮಾತ್ರ ಮಧ್ಯಾಹ್ನವಾದರೆ ಕೈಕೊಡುತ್ತಿತ್ತು. ಹಾಗೆ ಕರೆಂಟು ಹೋಗಿ ಸರ್ ಚಹಾಕ್ಕೆ ಎದ್ದಾಗ, ನಾವು ಮೂವರು ಅಕ್ಕಪಕ್ಕದ ಎರಡು ಕಂಪ್ಯೂಟರಿನ ಕೀಬೋರ್ಡ್ ವೈರ್ ಬದಲಾಯಿಸಿಬಿಟ್ಟೆವು. ಕರೆಂಟು ಬಂತು. ಸರ್ ಕೂತು ಟೈಪ್ ಮಾಡಿದರು. ಅಕ್ಷರಗಳು ಪಕ್ಕದ ಹುಡುಗಿಯ ಸ್ಕ್ರೀನಿನಲ್ಲಿ ಬಂದವು. ಆಕೆ ಚೀರಿದಳು!

ಸರ್ ಬೈಯಲಿಲ್ಲ. ಹಿಂದೆ ಬಗ್ಗಿ ನೋಡಿದರು.

"ಮೊದಲು ಕಿತ್ತ ವೈರ್ ಎಲ್ಲಿಟ್ಟಿದ್ರಲೇ?"

"ಕೈಯಾಗ ಹಿಡ್ಕೊಂಡಿದ್ದೆ ಸರ್."

"ಆ ಕೈನೇ ಮೂರನೇ ವೇರಿಯಬಲ್. ಹೆಸರು ಟೆಂಪ್."

ಬೋರ್ಡಿನ ಮೇಲೆ ಬರೆದರು: ಟೆಂಪ್ = ಎ; ಎ = ಬಿ; ಬಿ = ಟೆಂಪ್. ಇಲ್ಲಿ = ಅಂದರೆ ಬಲಗಡೆಯದನ್ನು ಎಡಗಡೆಯದರೊಳಗೆ ಹಾಕು ಅಂತ. "ವೈರ್ ಕಿತ್ರ ವೈರ್ ಉಳಿತೈತಿ. ಇಲ್ಲಿ ಎ ಒಳಗ ಬಿ ಹಾಕಿದ್ರ ಹಳೇದು ಅಳಿಸೇ ಹೋತು. ಅದಕ್ಕ ಮೊದಲ ಎತ್ತಿಡಬೇಕು." ಆಮೇಲೆ ನಮ್ಮಿಂದ ಲ್ಯಾಬ್ ಗುಡಿಸಿಸಿದರು, ಅದು ಬೇರೆ ಮಾತು.

ಮರುವಾರ ಗೆಳೆಯನೊಬ್ಬ ಟೆಂಪ್ ಬೇಡವೇ ಬೇಡ ಅಂತ ಹಟ ಹಿಡಿದ. ಎ = ಎ + ಬಿ; ಬಿ = ಎ - ಬಿ; ಎ = ಎ - ಬಿ. 5 ಮತ್ತು 7 ಕೊಟ್ಟರೆ ಸರಿಯಾಗಿ ಬದಲಾದವು. ಸರ್ ನಕ್ಕು, ಎರಡನ್ನೂ ಫ್ಲೋಟ್ (ದಶಮಾಂಶ ಸಂಖ್ಯೆ ಹಿಡಿಯುವ ವೇರಿಯಬಲ್) ಮಾಡಿಸಿ, ಎ ಗೆ 10 ಕೋಟಿ, ಬಿ ಗೆ 1 ಕೊಡಿಸಿದರು. ಬಿ ಏನೋ 10 ಕೋಟಿ ಆಯಿತು. ಎ ಮಾತ್ರ 0! "ಆ ಒಂದು ಎಲ್ಲಿ ಹೋತು?"

ಇಡೀ ಕ್ಲಾಸ್ ಸುಮ್ನೆ ಕೂತಿತ್ತು. ಹೇಳಿದವನು ನಾನು. ಫ್ಲೋಟ್ ಸುಮಾರು ಏಳು ಅಂಕಿಯಷ್ಟೇ ಹಿಡಿದಿಡುತ್ತದೆ. 10 ಕೋಟಿಗೆ 1 ಕೂಡಿಸಿದರೂ, ಕಳೆದರೂ ಅದು 10 ಕೋಟಿಯೇ. ಕೊನೆಗೆ 10 ಕೋಟಿಯಿಂದ 10 ಕೋಟಿ ಕಳೆದರೆ ಉಳಿಯುವುದೇನು? ಸರ್ ನನ್ನ ಬೆನ್ನು ತಟ್ಟಿದರು. ಈಗ ನಾನೇ ಹುಡುಗರ ಇಂಟರ್‌ವ್ಯೂ ಮಾಡುತ್ತೇನೆ. ಇದೇ ಪ್ರಶ್ನೆ ಕೇಳುತ್ತೇನೆ. ಒಳ್ಳೆ ಮಾರ್ಕ್ಸ್ ತೆಗೆದವರೇ ಜಾಸ್ತಿ ಒದ್ದಾಡುತ್ತಾರೆ.

ಅಣ್ಣನ ಮಗ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾನೆ. ಅವನಿಗೆ ಒಂದೇ ಸಾಲು: ಎ, ಬಿ = ಬಿ, ಎ. ಚೆನ್ನಾಗಿದೆ, ತಕರಾರಿಲ್ಲ. ಒಳಗೆ ಏನಾಗುತ್ತದೆ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಬಲಗಡೆಯ ಎರಡೂ ಬೆಲೆಗಳನ್ನು ಮೊದಲು ತೆಗೆದಿಟ್ಟುಕೊಂಡು ಆಮೇಲೆ ಎಡಗಡೆಯವಕ್ಕೆ ಕೊಡುತ್ತದೆ, ಎತ್ತಿಡುವ ಕೆಲಸ ಅಲ್ಲೂ ತಪ್ಪಿದ್ದಲ್ಲ ಅಂತ ವಿವರಿಸಿದೆ.

"ಇದು ಎಕ್ಸಾಮಿಗೆ ಬರಲ್ಲ ಕಾಕಾ" ಅಂದ.

ನಿಜ, ಬರಲ್ಲ. 10 ಕೋಟಿಯ ಪ್ರಶ್ನೆ ನಮಗೂ ಬಂದಿರಲಿಲ್ಲ.