ಪಾವ್ ಹಿಟ್ಟು, ಎರಡನೇ ಗೇಟು ಮತ್ತು ತೂತಿಲ್ಲದ ಡೋನಟ್

ಅರ್ಧ ಕಿಲೋ ಪಾವ್ ಹಿಟ್ಟು ಕೊಡಿ ಎಂದಾಗ ಬೆಳಗಾವಿಯ ಕ್ಯಾಂಪ್ ಪ್ರದೇಶದ ಬೇಕರಿಯ ಹುಡುಗ ನನಗೆ ಪಾವ್ ಕಟ್ಟಿಕೊಡಲು ಹೊರಟ. ಪಾವ್ ಅಲ್ಲಪ್ಪ, ಹಿಟ್ಟು ಎಂದೆ. ಅವನು ಒಳಗೆ ಹೋಗಿ ಮಾಲೀಕರನ್ನು ಕರೆತಂದ. "ಹಸಿ ಹಿಟ್ಟು ತೆಗೆದುಕೊಂಡು ಏನು ಮಾಡುತ್ತೀರಿ ಸಾಹೇಬರೇ?" ಎಂದು ಅವರು ಕೇಳಿದರು. ಡೋನಟ್ ಎಂದು ಹೇಳಲು ನಾಚಿಕೆಯಾಗಿ, ಮನೆಯಲ್ಲಿ ಮಗಳಿಗೆ ಬೇಕಂತೆ ಎಂದೆ. ಅದು ಸುಳ್ಳೂ ಅಲ್ಲ.

ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದಳು. ಅಮೆರಿಕದ ಹೆಂಗಸೊಬ್ಬಳು ಡಬ್ಬಿಯೊಂದನ್ನು ಕಟ್ಟೆಗೆ ಬಡಿಯುತ್ತಾಳೆ, ಅದು ಟಪ್ಪೆಂದು ಒಡೆದು ಹಿಟ್ಟು ಹೊರಗೆ ಉಬ್ಬುತ್ತದೆ. ಅದನ್ನು ಕತ್ತರಿಸಿ, ಉಂಡೆ ಕಟ್ಟಿ, ಕರಿದು, ಸಕ್ಕರೆಯಲ್ಲಿ ಹೊರಳಿಸಿದರೆ ತೂತಿಲ್ಲದ ಡೋನಟ್ ಆಯಿತು. ಅಲ್ಲಿ ಅದನ್ನು ಬಿಸ್ಕತ್ತಿನ ಹಿಟ್ಟು ಎನ್ನುತ್ತಾರೆ. ಚಹಾದಲ್ಲಿ ಅದ್ದುವ ನಮ್ಮ ಬಿಸ್ಕತ್ತಲ್ಲ, ಬೇಕಿಂಗ್ ಪೌಡರ್ ಹಾಕಿದ ಮೆತ್ತನೆಯ ರೊಟ್ಟಿಯ ಜಾತಿ ಅದು. ಆ ಡಬ್ಬಿಯನ್ನು ನಾನು ಬೆಳಗಾವಿಯಲ್ಲಿ ಕಂಡಿಲ್ಲ. ಆದರೆ ಮುಂಜಾನೆ ಬೇಕರಿಯಲ್ಲಿ ನಾದಿ ಉಬ್ಬಿಸಿಟ್ಟ ಹಿಟ್ಟು ಇದ್ದೇ ಇರುತ್ತದಲ್ಲ! ನಾದುವ ಕಷ್ಟ ಅವರಿಗಿರಲಿ, ಕರಿಯುವುದಷ್ಟೇ ನಮ್ಮ ಪಾಲಿಗೆ ಎಂದುಕೊಂಡೆ.

ಒಂದು ತಪ್ಪು ಮಾಡಿದೆ. ಹಿಟ್ಟು ಚೆಲ್ಲದಿರಲಿ ಎಂದು ಪ್ಲಾಸ್ಟಿಕ್ ಚೀಲದ ಬಾಯಿಗೆ ಬಿಗಿಯಾಗಿ ಗಂಟು ಹಾಕಿ ಸ್ಕೂಟರಿನ ಕೊಕ್ಕೆಗೆ ತೂಗುಹಾಕಿದೆ. ಕಾಂಗ್ರೆಸ್ ರಸ್ತೆಯಿಂದ ಟಿಳಕವಾಡಿಗೆ ತಿರುಗುವಷ್ಟರಲ್ಲಿ ಎರಡನೇ ಗೇಟು ಬಿತ್ತು. ಒಂದು ರೈಲು ಹೋಯಿತು, ಗೇಟು ಏಳಲಿಲ್ಲ. ಆ ಕಡೆಯಿಂದ ಇನ್ನೊಂದು ಬರುವುದಿತ್ತು. ಬಿಸಿಲಿನಲ್ಲಿ ನನ್ನ ಮೊಣಕಾಲಿನ ಬಳಿ ಚೀಲ ಬಲೂನಿನಂತೆ ಊದಿಕೊಳ್ಳತೊಡಗಿತ್ತು. ಈಸ್ಟ್ ಜೀವಂತ ವಸ್ತು, ಅದಕ್ಕೆ ರೈಲ್ವೆ ವೇಳಾಪಟ್ಟಿ ತಿಳಿಯದು. ಮನೆಗೆ ಬಂದು ಗಂಟು ಕತ್ತರಿಸಿದಾಗ ಅರ್ಧ ಹಿಟ್ಟು ಪ್ಲಾಸ್ಟಿಕ್ಕಿಗೇ ಅಂಟಿತ್ತು. ಒಳಗೆ ಎಣ್ಣೆ ಸವರಿದ ದೊಡ್ಡ ಸ್ಟೀಲ್ ಡಬ್ಬಿ ಒಯ್ಯಿರಿ, ಮುಚ್ಚಳ ಸಡಿಲವಾಗಿರಲಿ.

ನನ್ನ ಕೆಲಸ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಎರಕದ ಗುಣಮಟ್ಟ ಪರೀಕ್ಷಿಸುವುದು. ದಿನವೂ 1400 ಡಿಗ್ರಿಯ ಆಸುಪಾಸಿನ ಕಬ್ಬಿಣ ನೋಡುವವನಿಗೆ ಒಂದು ಬಾಣಲೆ ಶೇಂಗಾ ಎಣ್ಣೆ ಯಾವ ಲೆಕ್ಕ? ಉರಿ ಜೋರಾಗಿಟ್ಟು ನಿಂಬೆಗಾತ್ರದ ಆರು ಉಂಡೆ ಬಿಟ್ಟೆ. ಅರ್ಧ ನಿಮಿಷಕ್ಕೆ ಹುಣಸೆಬೀಜದ ಬಣ್ಣ ಬಂತು. ಮುರಿದರೆ ಒಳಗೆ ಹಸಿ ಹಿಟ್ಟು, ಬೆರಳಿಗೆ ಅಂಟುತ್ತಿತ್ತು. ಎರಕದಲ್ಲಿಯೂ ಹೀಗೆಯೇ. ಮೈ ಮೊದಲು ಗಟ್ಟಿಯಾಗುತ್ತದೆ, ನಡುಭಾಗ ಕೊನೆಗೆ. ದೋಷವೆಲ್ಲ ಅಲ್ಲೇ ಅಡಗಿರುತ್ತದೆ. ಹದಿನೆಂಟು ವರ್ಷ ಅದನ್ನೇ ಹುಡುಕಿದವನು ಅಡುಗೆಮನೆಯಲ್ಲಿ ಮರೆತಿದ್ದೆ.

ಡೋನಟ್ಟಿನ ತೂತು ಹುಟ್ಟಿದ್ದೂ ಇದೇ ಕಾರಣಕ್ಕಂತೆ. ಹ್ಯಾನ್ಸನ್ ಗ್ರೆಗರಿ ಎಂಬ ಅಮೆರಿಕದ ನಾವಿಕ, ನಡುವೆ ಹಸಿ ಉಳಿಯುತ್ತದೆಂದು 1847ರಲ್ಲಿ ಹಡಗಿನ ಮೇಲೆ ತಾನೇ ಮೊದಲು ತೂತು ಕೊರೆದೆನೆಂದು ಮುಂದೆ ಹೇಳಿಕೊಂಡಿದ್ದ. ನಾವು ಎರಕದಲ್ಲಿ ತೂತು ಬೇಕಾದರೆ ಆ ಜಾಗದಲ್ಲಿ ಮರಳಿನ ಗಟ್ಟಿ ತುಂಡು, ಅಂದರೆ ಕೋರ್, ಇಟ್ಟು, ಕೆಲಸ ಮುಗಿದ ಮೇಲೆ ಒಡೆದು ಎಸೆಯುತ್ತೇವೆ. ಡೋನಟ್ಟಿನವರು ತೂತನ್ನೇ, ಅಂದರೆ ತೂತಿನಷ್ಟು ಗಾತ್ರದ ಪುಟ್ಟ ಉಂಡೆಯನ್ನೇ, ತಿನಿಸು ಮಾಡಿದರು. ಅದನ್ನು 1972ರಲ್ಲಿ ಅಮೆರಿಕದ ಡಂಕಿನ್ ಡೋನಟ್ಸ್ ಕಂಪನಿ 'ಮಂಚ್ಕಿನ್ಸ್' ಎಂದು, 1976ರಲ್ಲಿ ಕೆನಡಾದ ಟಿಮ್ ಹಾರ್ಟನ್ಸ್ ಕಂಪನಿ 'ಟಿಂಬಿಟ್ಸ್' ಎಂದು ಮಾರಾಟಕ್ಕೆ ಇಳಿಸಿದವು.

ಎರಡನೇ ಸಲ ಹಿಟ್ಟನ್ನು ತಕ್ಕಡಿಗೆ ಹಾಕಿದೆ. ಉಂಡೆಗೆ 15 ಗ್ರಾಂ, ಸುಮಾರಾಗಿ ದೊಡ್ಡ ಅಡಿಕೆಯಷ್ಟು. ಅಂಗೈಗೆ ಎಣ್ಣೆ ಸವರಿಕೊಳ್ಳಿ, ಒಣ ಹಿಟ್ಟು ಬೇಡ. ಅದು ಉದುರಿ ಬಾಣಲೆಯ ತಳದಲ್ಲಿ ಸೀದು ಎಣ್ಣೆಯನ್ನು ಕೆಡಿಸುತ್ತದೆ. ಒದ್ದೆ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಟ್ಟೆ.

ಎಣ್ಣೆಗೆ ನಾನು ಥರ್ಮಾಮೀಟರ್ ಇಳಿಸಿದೆ. ಅವ್ವ ಜೋಳದ ಕಾಳಿನಷ್ಟು ಹಿಟ್ಟು ಬಿಟ್ಟಳು. ಅದು ತಳಕ್ಕೆ ಹೋಗಿ, ಒಂದು ಗಳಿಗೆ ಯೋಚಿಸಿದಂತೆ ನಿಂತು, ಸುತ್ತ ಗುಳ್ಳೆ ಕಟ್ಟಿಕೊಂಡು ನಿಧಾನ ಮೇಲೆ ಬಂತು. "ಹಾಕು" ಎಂದಳು. ನನ್ನ ಯಂತ್ರದಲ್ಲಿ 174 ಇತ್ತು. ಅವ್ವ ಅದರತ್ತ ತಿರುಗಿಯೂ ನೋಡಲಿಲ್ಲ. ನಾಗರಪಂಚಮಿಗೆ ಅರವತ್ತು ವರ್ಷ ಉಂಡೆ, ಗಾರಿಗೆ ಮಾಡಿದವಳಿಗೆ ಅಂಕಿ ಏಕೆ?

ಒಮ್ಮೆಗೆ ಎಂಟಕ್ಕಿಂತ ಹೆಚ್ಚು ಬೇಡ, ಎಣ್ಣೆ ತಣಿಯುತ್ತದೆ. ಇನ್ನೊಂದು ಕಿರಿಕಿರಿ ಇದೆ. ಕೆಳಭಾಗ ಬೆಂದ ಉಂಡೆಯನ್ನು ಮಗುಚಿದರೆ ಅದು ತಿರುಗಿ ಮೊದಲಿನ ಮಗ್ಗುಲಿಗೇ ಬೀಳುತ್ತದೆ. ಎಷ್ಟು ಸಲ ಮಗುಚಿದರೂ ಅದೇ ಹಟ. ಝಾರಾದಿಂದ ಬಿಡದೆ ಸುತ್ತಿಸುತ್ತಿರಬೇಕು, ಎಣ್ಣೆಯೇ ತಿರುಗುವಂತೆ. ಎರಡು ನಿಮಿಷ, ಅಷ್ಟೇ. ಒಂದನ್ನು ಮುರಿದೆ. ಒಳಗೆ ಬಿಳಿ ಎಳೆ ಎಳೆ, ಪಾವಿನಂತೆಯೇ, ಆದರೆ ಹೊರಮೈ ಗರಿ.

ಪಾವ್ ಹಿಟ್ಟಿನಲ್ಲಿ ಸಿಹಿ ಕಡಿಮೆ, ಉಪ್ಪು ಇರುತ್ತದೆ. ಆದ್ದರಿಂದ ಸಕ್ಕರೆಗೆ ಕೈ ಬಿಗಿ ಹಿಡಿಯಬೇಡಿ. ಒಂದು ವಾಟಿ ಪುಡಿ ಸಕ್ಕರೆಗೆ ಅರ್ಧ ಚಮಚ ದಾಲ್ಚಿನ್ನಿ, ಎರಡು ಏಲಕ್ಕಿ. ಕರಿದು ತೆಗೆದು ಒಂದು ನಿಮಿಷ ಬಿಟ್ಟು ಹೊರಳಿಸಿದರೆ ಸಕ್ಕರೆ ಅಂಟಿ ನಿಲ್ಲುತ್ತದೆ. ಪೂರ್ತಿ ಆರಿದ ಮೇಲೆ ಹೊರಳಿಸಿದರೆ ಉದುರಿ ತಟ್ಟೆಯಲ್ಲೇ ಉಳಿಯುತ್ತದೆ.

ಫ್ರಿಜ್ಜಿನಲ್ಲಿದ್ದ ಕುಂದಾವನ್ನು ಮಗಳು ಬಿಸಿ ಉಂಡೆ ಸೀಳಿ ಒಳಗೆ ತುಂಬಿದಳು. ಬೆಳಗಾವಿಯವನಾಗಿ ಹೇಳಬಾರದು, ಕುಂದಾ ಕುಂದಾವಾಗಿಯೇ ಚೆನ್ನ. ಅವ್ವ ಮಾತ್ರ ಅಂಥವನ್ನು ನಾಲ್ಕು ತಿಂದು, ಸಕ್ಕರೆ ಕಾಯಿಲೆ ನೆನಪಾಗಿ ಐದನೆಯದನ್ನು ನನ್ನ ತಟ್ಟೆಗೆ ಹಾಕಿದಳು.

ಮರುದಿನ ಒಂದು ಡಬ್ಬಿ ಬೇಕರಿಗೆ ಒಯ್ದೆ. ಮಾಲೀಕರು ಒಂದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಲೇ ಹುಡುಗನತ್ತ ಡಬ್ಬಿ ಸರಿಸಿದರು. ಹಿಟ್ಟಿಗೆ ಹಿಂದಿನ ಸಂಜೆಯೇ ಹೇಳಬೇಕಂತೆ, ಮುಂಜಾನೆ ಎಂಟರೊಳಗೆ ಬರಬೇಕಂತೆ. ಆ ಹೊತ್ತಿಗೆ ಗೇಟು ತೆರೆದಿರುತ್ತದೆಯೇ ಎಂದು ಅವರನ್ನು ಕೇಳಲಿಲ್ಲ.