ಕಣ್ಣಿಗೆ ಹಾಕಿದ ಹನಿ ಕಣ್ಣಿನಲ್ಲೇ ಉಳಿಯುವುದಿಲ್ಲ

ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾನಿಗೊಳ್ಳುವ ಕಾಯಿಲೆ) ಇರುವ ನನ್ನ ತಾಯಿಯವರು ಟಿಮೊಲೋಲ್ ಹನಿಗಳನ್ನು ಬಳಸಲು ಆರಂಭಿಸಿದ ಕೆಲವೇ ವಾರಗಳಲ್ಲಿ ಮೆಟ್ಟಿಲು ಹತ್ತುವಾಗ ಬೇಗ ದಣಿಯತೊಡಗಿದರು. ಅದನ್ನು ವಯಸ್ಸಿನ ಲಕ್ಷಣವೆಂದೇ ನಾವು ಭಾವಿಸಿದ್ದೆವು. ನಾಡಿಬಡಿತ ನಿಮಿಷಕ್ಕೆ 48ಕ್ಕೆ ಇಳಿದಿರುವುದು ಗೊತ್ತಾದ ಮೇಲಷ್ಟೇ ವೈದ್ಯರು ಕಣ್ಣಿನ ಔಷಧಿಯ ಬಗ್ಗೆ ವಿಚಾರಿಸಿದರು.

ಟಿಮೊಲೋಲ್ ಬೀಟಾ ಬ್ಲಾಕರ್ ಎಂಬ, ಹೃದಯಬಡಿತವನ್ನು ನಿಧಾನಗೊಳಿಸುವ ಔಷಧಿಗಳ ವರ್ಗಕ್ಕೆ ಸೇರಿದ್ದು. ಈ ವರ್ಗದ ಹನಿಗಳು ಕಣ್ಣಿನೊಳಗೆ ದ್ರವ ಉತ್ಪತ್ತಿಯಾಗುವುದನ್ನು ತಗ್ಗಿಸಿ ಒತ್ತಡವನ್ನು ಇಳಿಸುತ್ತವೆ. ಆದರೆ ಹನಿಯ ಒಂದಷ್ಟು ಭಾಗ ಕಣ್ಣೀರಿನ ನಾಳದ ಮೂಲಕ ಮೂಗಿಗೆ ಇಳಿದು ರಕ್ತವನ್ನು ಸೇರುತ್ತದೆ. ನುಂಗಿದ ಮಾತ್ರೆಯಂತೆ ಅದು ಮೊದಲು ಯಕೃತ್ತನ್ನು ಹಾದುಹೋಗದ ಕಾರಣ, 0.5% ದ್ರಾವಣದ ಹನಿಯೂ ಹೃದಯ ಮತ್ತು ಶ್ವಾಸಕೋಶಗಳ ಮೇಲೆ ಪರಿಣಾಮ ಬೀರಬಲ್ಲದು.

ಕಣ್ಣುರಿ, ಕಣ್ಣಿನ ಶುಷ್ಕತೆ ಸಾಮಾನ್ಯ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅಸ್ತಮಾ ಇರುವವರ ಸ್ಥಿತಿ: ಅವರಲ್ಲಿ ಶ್ವಾಸನಾಳಗಳು ತೀವ್ರವಾಗಿ ಸಂಕುಚಿತಗೊಂಡು ಪ್ರಾಣಾಪಾಯವೇ ಉಂಟಾಗಬಹುದು, ಆದ್ದರಿಂದ ಅವರಿಗೆ ಟಿಮೊಲೋಲ್ ನಿಷಿದ್ಧ. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಕುಸಿದಾಗ ಎಚ್ಚರಿಸುವ ಎದೆಬಡಿತ, ನಡುಕಗಳನ್ನು ಈ ಔಷಧಿ ಮರೆಮಾಚಬಹುದು. ಖಿನ್ನತೆ, ದುಃಸ್ವಪ್ನಗಳೂ ಕೆಲವರಲ್ಲಿ ಕಾಣಿಸಿಕೊಳ್ಳುತ್ತವೆ. ರಕ್ತದೊತ್ತಡಕ್ಕೆಂದು ಈಗಾಗಲೇ ಬೀಟಾ ಬ್ಲಾಕರ್ ಮಾತ್ರೆ ಸೇವಿಸುತ್ತಿರುವವರಲ್ಲಿ ಎರಡರ ಪರಿಣಾಮವೂ ಕೂಡಿಕೊಳ್ಳುತ್ತದೆ.

ಹನಿ ಹಾಕಿದ ನಂತರ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೃದುವಾಗಿ ಒತ್ತಿ ಹಿಡಿದರೆ ಔಷಧಿ ರಕ್ತವನ್ನು ಸೇರುವ ಪ್ರಮಾಣ ಗಣನೀಯವಾಗಿ ಕಡಿಮೆಯಾಗುತ್ತದೆ ಎಂಬುದನ್ನು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ. ಹಾಗೆಂದು ಹನಿಯನ್ನು ತಾವಾಗಿಯೇ ನಿಲ್ಲಿಸಬಾರದು; ಒತ್ತಡ ಏರಿ ದೃಷ್ಟಿನರಕ್ಕೆ ಆಗುವ ಹಾನಿ ಮತ್ತೆ ಸರಿಹೋಗುವುದಿಲ್ಲ. ತಾಯಿಯವರಿಗೆ ವೈದ್ಯರೇ ಬೇರೆ ವರ್ಗದ ಹನಿಯನ್ನು ಬರೆದುಕೊಟ್ಟರು.