ಟಿವಿಗೆ ಹಾಟ್‌ಸ್ಪಾಟ್ ಸಿಗದಿದ್ದರೆ ಮೊದಲು ಮೊಬೈಲನ್ನು ನೋಡಿ

ಸ್ಮಾರ್ಟ್ ಟಿವಿಯ ಪರದೆಯ ಮೇಲೆ ‘ನೆಟ್‌ವರ್ಕ್ ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಸಾಲು ಮೂಡಿದ ಕೂಡಲೇ ಹೆಚ್ಚಿನವರು ರಿಮೋಟ್ ಹಿಡಿದು ಟಿವಿಯ ಸೆಟ್ಟಿಂಗ್ಸ್ ಹೊಕ್ಕುತ್ತಾರೆ. ಅಲ್ಲಿ ಏನೂ ಹೊಳೆಯದಿದ್ದಾಗ ಫ್ಯಾಕ್ಟರಿ ರಿಸೆಟ್ ಮಾಡಿ, ಇದ್ದ ಆ್ಯಪ್‌ಗಳನ್ನೂ ಲಾಗಿನ್‌ಗಳನ್ನೂ ಕಳೆದುಕೊಂಡು, ಮತ್ತೆ ಅದೇ ಸಾಲಿನ ಮುಂದೆ ಕುಳಿತಿರುತ್ತಾರೆ. ಇಂಟರ್ನೆಟ್ ಬರುತ್ತಿರುವುದು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಎಂದಾದರೆ ತೊಂದರೆಯ ಮೂಲ ಬಹುತೇಕ ಮೊಬೈಲಿನಲ್ಲೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ರೂಟರ್‌ಗೆ ಇರುವುದು ಒಂದೇ ಕೆಲಸ. ಮೊಬೈಲಿಗಾದರೋ ಹಾಟ್‌ಸ್ಪಾಟ್ ಒಂದು ಉಪವೃತ್ತಿ. ಬ್ಯಾಟರಿ ಉಳಿಸಲು, ವೇಗ ಹೆಚ್ಚಿಸಲು, ಭದ್ರತೆ ಬಿಗಿಗೊಳಿಸಲು ಅದು ಮಾಡಿಕೊಳ್ಳುವ ಏರ್ಪಾಡುಗಳೆಲ್ಲ ಟಿವಿಗೆ ಒಗ್ಗಬೇಕೆಂದಿಲ್ಲ.

ಏನನ್ನಾದರೂ ಬದಲಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಟಿವಿ ಹಾಟ್‌ಸ್ಪಾಟ್‌ಗೆ ಸೇರಿಕೊಳ್ಳುತ್ತಲೇ ಇಲ್ಲವೋ, ಅಥವಾ ಸೇರಿಕೊಂಡರೂ ಇಂಟರ್ನೆಟ್ ಬರುತ್ತಿಲ್ಲವೋ? ಹೊರನೋಟಕ್ಕೆ ಎರಡೂ ಒಂದೇ ಬಗೆಯ ದೂರು, ಆದರೆ ಕಾರಣಗಳು ಸಂಪೂರ್ಣ ಬೇರೆ. ಹಾಟ್‌ಸ್ಪಾಟ್ ಹೆಸರು ಟಿವಿಯ ಪಟ್ಟಿಯಲ್ಲಿ ಕಾಣುತ್ತಿಲ್ಲವಾದರೆ ಪಾಸ್‌ವರ್ಡ್ ಬಗ್ಗೆ ಯೋಚಿಸುವುದು ವ್ಯರ್ಥ. ‘ಕನೆಕ್ಟೆಡ್’ ಎಂದು ತೋರಿಸಿಯೂ ವಿಡಿಯೊ ಓಡದಿದ್ದರೆ ವೈಫೈ ಬ್ಯಾಂಡ್ ಬದಲಿಸುವುದರಿಂದ ಸಾಮಾನ್ಯವಾಗಿ ಏನೂ ಆಗದು. ಇನ್ನೊಂದು ಮೊಬೈಲನ್ನೋ ಲ್ಯಾಪ್‌ಟಾಪನ್ನೋ ಅದೇ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡುವುದು ಉತ್ತಮ ಪರೀಕ್ಷೆ. ಅದಕ್ಕೂ ಇಂಟರ್ನೆಟ್ ಬರದಿದ್ದರೆ ಟಿವಿಯನ್ನು ಅಷ್ಟರಮಟ್ಟಿಗೆ ನಿರ್ದೋಷಿ ಎಂದು ಬಿಟ್ಟುಬಿಡಬಹುದು.

ಹೆಸರೇ ಕಾಣದಿರುವುದಕ್ಕೆ ಅತಿ ಸಾಮಾನ್ಯ ಕಾರಣ ಬ್ಯಾಂಡ್. ವೈಫೈ ಮುಖ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ವಲಯಗಳಲ್ಲಿ ನಡೆಯುತ್ತದೆ. ಕಡಿಮೆ ಬೆಲೆಯ ಹಾಗೂ ಹಳೆಯ ಟಿವಿಗಳಲ್ಲಿ ಅನೇಕವು 2.4 ಅನ್ನು ಮಾತ್ರ ಬಲ್ಲವು. ಹೊಸ ಮೊಬೈಲ್‌ಗಳಾದರೋ ವೇಗಕ್ಕಾಗಿ 5 ಗಿಗಾಹರ್ಟ್ಸ್‌ನಲ್ಲೇ ಹಾಟ್‌ಸ್ಪಾಟ್ ತೆರೆಯಲು ಇಷ್ಟಪಡುತ್ತವೆ. ಮೊಬೈಲ್ ಟಿವಿಯ ಮಗ್ಗುಲಲ್ಲೇ ಇದ್ದರೂ ಹೆಸರು ಕಾಣಿಸದಿರುವುದು ಇದರಿಂದಲೇ. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ಪರ್ಸನಲ್ ಹಾಟ್‌ಸ್ಪಾಟ್ ಪುಟದಲ್ಲಿರುವ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಗುಂಡಿಯನ್ನು ಒತ್ತಿದರೆ ಹಾಟ್‌ಸ್ಪಾಟ್ 2.4ಕ್ಕೆ ಇಳಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಆಯ್ಕೆ ಒಂದೊಂದು ಮೊಬೈಲಿನಲ್ಲಿ ಒಂದೊಂದು ಹೆಸರಿನಲ್ಲಿ, ಕೆಲವೆಡೆ ‘ಬ್ಯಾಂಡ್’ ಎಂದು, ಕೆಲವೆಡೆ ‘ಎಕ್ಸ್‌ಟೆಂಡ್ ಕಂಪ್ಯಾಟಿಬಿಲಿಟಿ’ ಎಂದು, ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನ ಒಳಪದರದಲ್ಲಿ ಅಡಗಿರುತ್ತದೆ. ವೇಗ ಕಡಿಮೆಯಾದೀತೆಂದು ಹಿಂಜರಿಯಬೇಕಿಲ್ಲ. 1080ಪಿ ವಿಡಿಯೊಗೆ ನೆಟ್‌ಫ್ಲಿಕ್ಸ್ ಕೇಳುವುದು ಸೆಕೆಂಡಿಗೆ 5 ಮೆಗಾಬಿಟ್ ವೇಗವನ್ನಷ್ಟೇ, 2.4 ಗಿಗಾಹರ್ಟ್ಸ್ ಅದನ್ನು ಸುಲಭವಾಗಿ ಕೊಡಬಲ್ಲದು, ಗೋಡೆ ದಾಟುವುದರಲ್ಲೂ ಅದೇ ಮೇಲು.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಾಗಿದೆ, ಆದರೂ ಟಿವಿ ಒಳಗೆ ಹೋಗಲೊಲ್ಲದು ಎಂದಾದರೆ ಭದ್ರತೆಯ ಬಗೆಯನ್ನು ನೋಡಬೇಕು. ವೈಫೈ ಸಂಪರ್ಕವನ್ನು ಕಾಯುವ ಡಬ್ಲ್ಯೂಪಿಎ3 ಎಂಬ ಭದ್ರತಾ ವ್ಯವಸ್ಥೆ ಬಂದದ್ದು 2018ರಲ್ಲಿ. ಅದಕ್ಕಿಂತ ಹಿಂದಿನ ಟಿವಿಗಳಿಗೆ, ನಂತರದ ಕೆಲವಕ್ಕೂ, ಅದರ ಪರಿಚಯವಿಲ್ಲ. ಆದರೆ ಟಿವಿ ‘ನನಗೆ ಈ ಬಗೆ ತಿಳಿಯದು’ ಎನ್ನದೆ ‘ಪಾಸ್‌ವರ್ಡ್ ತಪ್ಪು’ ಎಂದೇ ಹೇಳಬಹುದು. ಇಷ್ಟು ದಾರಿ ತಪ್ಪಿಸುವ ಸಂದೇಶವನ್ನು ಬರೆದವರು ಒಮ್ಮೆಯಾದರೂ ರಿಮೋಟ್‌ನಲ್ಲಿ ಅಕ್ಷರ ಹುಡುಕುತ್ತ ಪಾಸ್‌ವರ್ಡ್ ಒತ್ತಿ ನೋಡಬೇಕಿತ್ತು. ಹಾಟ್‌ಸ್ಪಾಟ್‌ನ ಭದ್ರತೆಯನ್ನು ಅದಕ್ಕಿಂತ ಹಿಂದಿನ ಬಗೆಯಾದ ಡಬ್ಲ್ಯೂಪಿಎ2 ಪರ್ಸನಲ್ ಎಂದು ಇಟ್ಟರೆ ಈ ತಕರಾರು ಮುಗಿಯುತ್ತದೆ. ಅದೇ ಸಮಯಕ್ಕೆ ಹಾಟ್‌ಸ್ಪಾಟ್ ಹೆಸರಿನಲ್ಲಿರುವ ಎಮೋಜಿ, ಅಪಾಸ್ಟ್ರಫಿಗಳನ್ನು ತೆಗೆದು ಸರಳ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಉಳಿಸುವುದು ಒಳ್ಳೆಯದು. ಬದಲಿಸಿದ ಮೇಲೆ ಟಿವಿಯಲ್ಲಿ ಹಳೆಯ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಜೋಡಿಸುವುದನ್ನು ಮರೆಯಬಾರದು.

ಹಾಟ್‌ಸ್ಪಾಟ್ ತಾನಾಗಿಯೇ ಮಲಗುವುದೂ ಉಂಟು. ಯಾರೂ ಸೇರಿಕೊಳ್ಳದಿದ್ದರೆ ಆಂಡ್ರಾಯ್ಡ್ ಮೊಬೈಲ್‌ಗಳು ಕೆಲವು ನಿಮಿಷಗಳ ಬಳಿಕ ಅದನ್ನು ಆರಿಸುತ್ತವೆ, ಈ ಸ್ವಯಂಚಾಲಿತ ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಐಫೋನ್‌ನಲ್ಲಾದರೆ ಟಿವಿ ಜೋಡಣೆಯಾಗುವವರೆಗೆ ಪರ್ಸನಲ್ ಹಾಟ್‌ಸ್ಪಾಟ್ ಪುಟವನ್ನು ತೆರೆದೇ ಇಟ್ಟಿರಬೇಕು.

ಇನ್ನು ಎರಡನೆಯ ಬಗೆ: ಸಂಪರ್ಕವಿದೆ, ಇಂಟರ್ನೆಟ್ ಇಲ್ಲ. ಟಿವಿಯ ನೆಟ್‌ವರ್ಕ್ ಪುಟದಲ್ಲಿ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಟಿವಿಯನ್ನು ಗುರುತಿಸುವ ಸಂಖ್ಯೆಯನ್ನು, ನೋಡಿ. ಐಫೋನ್ ಹಾಟ್‌ಸ್ಪಾಟ್ ಆಗಿದ್ದರೆ ಅದು 172.20.10 ಎಂದು ಆರಂಭವಾಗುತ್ತದೆ, ಹಳೆಯ ಆಂಡ್ರಾಯ್ಡ್‌ಗಳಲ್ಲಿ 192.168.43 ಎಂದು. ಬದಲಿಗೆ 169.254 ಎಂದಿದ್ದರೆ ಟಿವಿಗೆ ಮೊಬೈಲಿನಿಂದ ವಿಳಾಸವೇ ದಕ್ಕಿಲ್ಲ, ತಾನೇ ಒಂದನ್ನು ಕಲ್ಪಿಸಿಕೊಂಡಿದೆ ಎಂದರ್ಥ. ಆಗ ಹಾಟ್‌ಸ್ಪಾಟನ್ನು ಆರಿಸಿ ಹೊತ್ತಿಸಿ, ಟಿವಿಯ ಐಪಿ ಸೆಟ್ಟಿಂಗ್ ‘ಆಟೋಮ್ಯಾಟಿಕ್’ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವಿಳಾಸ ಸರಿಯಿದ್ದೂ ಪುಟಗಳು ತೆರೆಯದಿದ್ದರೆ ತಾಣದ ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನು 8.8.8.8 ಅಥವಾ 1.1.1.1 ಎಂದು ಕೈಯಾರೆ ಕೊಟ್ಟು ನೋಡಬಹುದು.

ಯಾರೂ ಶಂಕಿಸದ ಅಪರಾಧಿಯೊಂದಿದೆ, ಅದು ಟಿವಿಯ ಗಡಿಯಾರ. ಆ್ಯಪ್‌ಗಳು ಸರ್ವರ್‌ನೊಡನೆ ಸುರಕ್ಷಿತವಾಗಿ ಮಾತನಾಡುವಾಗ ಆ ಸರ್ವರ್ ಅಸಲಿಯೆಂದು ಸಾರುವ ಡಿಜಿಟಲ್ ಪ್ರಮಾಣಪತ್ರದ ಅವಧಿಯನ್ನು ಟಿವಿಯ ದಿನಾಂಕದೊಡನೆ ಹೋಲಿಸಿ ನೋಡುತ್ತವೆ. ಬಹುಕಾಲ ಪ್ಲಗ್ ತೆಗೆದಿಟ್ಟ ಟಿವಿ ತನ್ನ ದಿನಾಂಕವನ್ನು ಹಲವು ವರ್ಷ ಹಿಂದಕ್ಕೆ ಹೊರಳಿಸಿಕೊಂಡಿದ್ದರೆ ಎಲ್ಲ ಪ್ರಮಾಣಪತ್ರಗಳೂ ಅದಕ್ಕೆ ಅಸಿಂಧುವಾಗಿ ತೋರುತ್ತವೆ, ಆ್ಯಪ್ ‘ಇಂಟರ್ನೆಟ್ ಇಲ್ಲ’ ಎನ್ನುತ್ತದೆ. ದಿನಾಂಕ, ಸಮಯ ಮತ್ತು ಸಮಯ ವಲಯಗಳನ್ನು ಕೈಯಾರೆ ತಿದ್ದಿದರೆ ಸಾಕು. ಗಡಿಯಾರ ಸರಿಯಿದ್ದರೂ ಸಾಫ್ಟ್‌ವೇರ್ ತೀರ ಹಳೆಯದಾಗಿದ್ದರೆ ಇಂಥದೇ ಗತಿ: 2021ರ ಸೆಪ್ಟೆಂಬರ್ 30ರಂದು, ತಾಣಗಳಿಗೆ ಇಂಥ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಅನೇಕ ಸಾಧನಗಳಿಗೆ ಹಲವು ತಾಣಗಳ ಬಾಗಿಲು ಮುಚ್ಚಿತು.

ಮೊಬೈಲಿನ ಕಡೆ ನೋಡುವುದಾದರೆ ಡೇಟಾ ಸೇವರ್ ಚಾಲೂ ಇದೆಯೇ, ಸೇರಬಹುದಾದ ಸಾಧನಗಳ ಸಂಖ್ಯೆಗೆ ಮಿತಿಯಿದೆಯೇ ಎಂದು ಗಮನಿಸಬೇಕು. ಕೆಲವು ಪ್ಲಾನ್‌ಗಳು ಹಾಟ್‌ಸ್ಪಾಟ್ ಬಳಕೆಗೆ ಬೇರೆಯೇ ಮಿತಿ ಹಾಕುತ್ತವೆ. ಆಗ ಮೊಬೈಲಿನಲ್ಲಿ ಎಲ್ಲವೂ ಓಡುತ್ತದೆ, ಟಿವಿಯಲ್ಲಿ ಏನೂ ಓಡದು. ಇದನ್ನು ಸೇವಾದಾರರಲ್ಲೇ ವಿಚಾರಿಸಬೇಕು.

ರಿಮೋಟ್‌ನಿಂದ ಟಿವಿ ಆರಿಸಿದರೆ ಅದು ಸಾಮಾನ್ಯವಾಗಿ ಸ್ಟ್ಯಾಂಡ್‌ಬೈಗೆ ಹೋಗುತ್ತದೆಯೇ ಹೊರತು ನಿಜವಾಗಿ ರೀಸ್ಟಾರ್ಟ್ ಆಗದು, ಆದ್ದರಿಂದ ಗೋಡೆಯಿಂದಲೇ ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಡಬೇಕು. ಫ್ಯಾಕ್ಟರಿ ರಿಸೆಟ್‌ಗೆ ಕೈ ಹಾಕುವುದು ಬೇರೆ ಮೊಬೈಲಿನ ಹಾಟ್‌ಸ್ಪಾಟ್‌ಗೂ, ಬೇರೆ ರೂಟರ್‌ಗೂ ಟಿವಿ ಸೇರದಿದ್ದಾಗ ಮಾತ್ರ. ಅದಕ್ಕೂ ಬಗ್ಗದಿದ್ದರೆ ಟಿವಿಯ ವೈಫೈ ಭಾಗವೇ ಕೆಟ್ಟಿರುವ ಸಂಭವ ಹೆಚ್ಚು.

ಸಂಪರ್ಕ ಕೂಡಿಬಂದ ಮೇಲೆ ಟಿವಿಯ ಆಟೋ ಅಪ್‌ಡೇಟನ್ನು ನಿಲ್ಲಿಸಿ, ವಿಡಿಯೊ ಗುಣಮಟ್ಟವನ್ನು ಆ್ಯಪ್‌ನಲ್ಲೇ ಇಳಿಸಿಡಿ. ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಎಚ್‌ಡಿ ವಿಡಿಯೊ ಗಂಟೆಗೆ 3 ಜಿಬಿಯವರೆಗೆ, 4ಕೆ ವಿಡಿಯೊ 7 ಜಿಬಿಯವರೆಗೆ ಡೇಟಾ ನುಂಗುತ್ತದೆ. ತಾನು ಹಾಟ್‌ಸ್ಪಾಟ್‌ನಲ್ಲಿರುವುದು ಟಿವಿಗೆ ತಿಳಿಯದು, ಅದು ಸಿಕ್ಕಷ್ಟನ್ನೂ ಎಳೆದುಕೊಳ್ಳುತ್ತದೆ.